ನೀಲಿ ಪಿಕಪ್ಪಿಗೆ ಕಪ್ಪು ಹಾಸು

ಅಕ್ಟೋಬರ್ 2, ಬೆಳಿಗ್ಗೆ

ಇವತ್ತೂ ಅಪ್ಪನ ಪಿಕಪ್ ಟ್ರಕ್ಕಿನ, ಸಾಮಾನು ಹೇರುವ ತೊಟ್ಟಿ ಉಜ್ಜಿದೆ. ಹೊಸ ನೀಲಿ ಬಣ್ಣ ಪಿಕಪ್ಪಿನ ಹೊರಮೈಗೆ ಮಾತ್ರ, ಹಿಂದಿನ ತೊಟ್ಟಿಯೊಳಗೆ ಬರೀ ಪ್ರೈಮರ್. ಮರಳುಕಾಗದದಿಂದ ಒರಟು ಮಾಡದಿದ್ದರೆ ಲೈನರ್ ಹಿಡಿಯುವುದಿಲ್ಲ. ಗನ್ನಿನಿಂದ ಸಿಂಪಡಿಸುವ ಕಪ್ಪು ಲೇಪ ಅದು, ರಬ್ಬರಿನ ಹಾಗೆ. ಒಣಗಿದ ಮೇಲೆ ಅದರ ಮೇಲಿಟ್ಟದ್ದು ಜಾರುವುದಿಲ್ಲ. ಅಪ್ಪನಿಗೆ ಅದೇ ಬೇಕಾಗಿದೆ.

ಬೆರಳ ತುದಿಯೆಲ್ಲ ಸುಲಿದಿದೆ. ಡ್ವೇನ್ ಬರುತ್ತೇನೆಂದಿದ್ದ, ಬರಲಿಲ್ಲ. ಅಮ್ಮ ಹೋದಾಗಿನಿಂದ ನನ್ನ ತಮ್ಮ ಈ ಟ್ರಕ್ಕಿನ ಹತ್ತಿರ ಸುಳಿಯುವುದೇ ಅಪರೂಪ.

ಅಕ್ಟೋಬರ್ 5

ನರ್ಸ್ ಬಂದಿದ್ದಳು. ಬಾಗಿಲ ಹೊರಗೆ ಕರೆದು ಹೇಳಿದಳು... ಅಪ್ಪನಿಗೆ ಇನ್ನು ವಾರಗಳ ಲೆಕ್ಕ ಬೇಡ, ದಿನಗಳದ್ದೇ ಅಂತೆ. ಪೇಂಟಿನವನು ಹೇಳುವುದೇ ಬೇರೆ. ಬಣ್ಣ ಪೂರ್ತಿ ಗಟ್ಟಿಯಾಗುವ ತನಕ, ಅಂದರೆ ತಿಂಗಳಾದರೂ, ಅಂಚಿಗೆ ಟೇಪ್ ಹಚ್ಚಬೇಡ ಎನ್ನುತ್ತಾನೆ. ಟೇಪ್ ಇಲ್ಲದೆ, ನೀಲಿಗೆ ಕಪ್ಪು ತಾಗದಂತೆ ಲೈನರ್ ಹೊಡೆಯುವುದು ಹೇಗೆ? ಇಬ್ಬರ ನಡುವೆ ನಾನು.

ಅಪ್ಪ ಅಡುಗೆಮನೆಯ ಕಿಟಕಿ ಪಕ್ಕ ಮಲಗಿ ಶೆಡ್ಡನ್ನೇ ನೋಡುತ್ತಾನೆ. ಕೊನೆಯ ಸವಾರಿ ತನ್ನ ಟ್ರಕ್ಕಿನಲ್ಲೇ ಎಂದು ಹಟ. ಅಮ್ಮನೂ ಅದರಲ್ಲೇ ಹೋದಳು. ಸ್ಮಶಾನದ ಏರಿನಲ್ಲಿ ಡ್ವೇನ್ ಗೇರ್ ಬದಲಿಸಿದ. ಶವಪೆಟ್ಟಿಗೆ ಹಿಂದಕ್ಕೆ ಜಾರಿ ತೊಟ್ಟಿಯ ಬಾಗಿಲಿಗೆ ಧಡ್ ಎಂದು ಬಡಿಯಿತು. ಹಿಂದೆ ನಡೆದು ಬರುತ್ತಿದ್ದ ಊರೆಲ್ಲ ಕೇಳಿಸಿಕೊಂಡಿತು. ಯಾರೂ ಏನೂ ಅನ್ನಲಿಲ್ಲ, ಅಪ್ಪನೂ. ಬೈದಿದ್ದರೆ ಡ್ವೇನ್‌ಗೆ ಹಗುರವಾಗುತ್ತಿತ್ತೇನೋ.

ಅಕ್ಟೋಬರ್ 9, ಸಂಜೆ

ಡ್ವೇನ್ ಹೇಳದೆ ಕೇಳದೆ ಬಂದ. ಬಂದವನೇ ಟೇಪ್ ಸುರುಳಿ ಎತ್ತಿಕೊಂಡ. ಬಣ್ಣ ಇನ್ನೂ ಹಸಿ ಕಣೋ ಎಂದೆ.

"ಅದು ಒಣಗೋವರ್ಗೂ ಅಪ್ಪ ಕಾಯ್ತಾನಾ?"

ಹೀಟರ್ ಹಚ್ಚಿ ಶೆಡ್ ಬೆಚ್ಚಗೆ ಮಾಡಿದೆವು. ಮುಖಕ್ಕೆ ಮಾಸ್ಕ್. ಅವನು ಲೇಪ ಹೊಡೆದ, ನಾನು ಗನ್ನಿನ ಪೈಪ್ ಹಿಡಿದೆ. ಚೆನ್ನಾಗಿಯೇ ಕೂತಿತು, ಎಲ್ಲೂ ಸೋರಲಿಲ್ಲ. ಲೇಪ ಹಸಿಯಿರುವಾಗಲೇ ಟೇಪ್ ಕೀಳಬೇಕು, ಇಲ್ಲದಿದ್ದರೆ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಕಿತ್ತ. ಅದರ ಜೊತೆ ನೀಲಿ ಬಣ್ಣವೂ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಒಂದು ಬದಿಯ ಅಂಚಿನ ಉದ್ದಕ್ಕೂ ಟ್ರಕ್ಕಿನ ಹಳೇ ಸಾಸಿವೆ ಹೂವಿನ ಹಳದಿ ಬಣ್ಣ ಕಾಣುತ್ತಿದೆ.

ಡ್ವೇನ್ ಬಕೆಟ್ ಬೋರಲು ಹಾಕಿ ಕೂತುಬಿಟ್ಟ. ಈ ಟ್ರಕ್ ಮುಟ್ಟಿದ್ರೆ ಹಾಳೇ ಮಾಡ್ತೀನಿ ಅಂದ. ಅತ್ತ. ದೊಡ್ಡವನಾದ ಮೇಲೆ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ಅಕ್ಟೋಬರ್ 10

ಅಪ್ಪನಿಗೆ ನಾನೇ ಹೇಳಿದೆ. ನಕ್ಕ, ನಕ್ಕು ಕೆಮ್ಮಿದ. ನನ್ನ ಮಣ್ಣಿನ ದಿನ ಜನ ಚರ್ಚಿನ ಊಟದ ಕೇಕ್ ನೋಡ್ತಾರೆ, ಟ್ರಕ್ ಯಾರು ನೋಡ್ತಾರೆ ಎಂದ. ಆಮೇಲೆ ಡ್ವೇನ್‌ನನ್ನು ಕರೆಸಿ, ನೀನೇ ಓಡಿಸಬೇಕು ಎಂದ.

"ನಾನ್ ಓಡ್ಸಲ್ಲಪ್ಪ. ಬೇರೆ ಯಾರಿಗಾದ್ರೂ ಹೇಳು."

"ಲೇಪ ನಂಗೋಸ್ಕರ ಅಂದ್ಕೊಂಡ್ಯಾ? ಪೆಟ್ಟಿಗೆ ಒಳಗಿರೋನಿಗೆ ಏನೋ ಕೇಳ್ಸತ್ತೆ? ಮುಂದೆ ಕೂತೋನಿಗೆ ಕೇಳ್ಸೋದು."

ಡ್ವೇನ್ ಕಿಟಕಿಯತ್ತ ತಿರುಗಿ ನಿಂತ. ನಾನು ಸೂಪ್ ಬಿಸಿ ಮಾಡಲು ಎದ್ದೆ. ಅಮ್ಮನ ಪೆಟ್ಟಿಗೆ ಜಾರಿದ್ದಕ್ಕೆ ಇಷ್ಟು ವರ್ಷ ಅಪ್ಪ ಸುಮ್ಮನಿದ್ದದ್ದು ಕೋಪದಿಂದ ಎಂದೇ ತಿಳಿದಿದ್ದೆ. ತಪ್ಪು ತಿಳಿದಿದ್ದೆ.

ಅಕ್ಟೋಬರ್ 14

ಅಪ್ಪ ಹೋದ. ಬೆಳಿಗ್ಗೆ, ಕಾಫಿ ಕೇಳಿ, ಅದು ಬರುವಷ್ಟರಲ್ಲಿ.

ಅಕ್ಟೋಬರ್ 18, ಸಂಜೆ

ಗಾಳಿ ವಿಪರೀತ, ನಮ್ಮ ಡಕೋಟಾ ಬಯಲಿನ ಗಾಳಿ. ಚರ್ಚಿನ ಮುಂದೆ, ಹೊತ್ತು ತಂದವರು ಪೆಟ್ಟಿಗೆಯನ್ನು ತೊಟ್ಟಿಗೆ ತಳ್ಳಲು ನೋಡಿದರು. ಜಗ್ಗಲಿಲ್ಲ. ಆ ಒರಟು ಲೇಪದ ಮೇಲೆ ಇಂಚೂ ಸರಿಯಲಿಲ್ಲ. ಕೊನೆಗೆ ಪೂರಾ ಎತ್ತಿಯೇ ಇಡಬೇಕಾಯಿತು. ಪಕ್ಕದ ಹೊಲದ ಆರ್ವಿಡ್ ಏದುಸಿರು ಬಿಡುತ್ತ, ಅಪ್ಪನ ಹೆಸರು ಹಿಡಿದು, "ರೇನ್‌ಹೋಲ್ಡ್ ಸತ್ತ ಮೇಲೂ ಕೆಲ್ಸ ಕೊಡ್ತಾನಲ್ಲಪ್ಪ" ಎಂದ. ನಗು ಬಂತು, ಅಳುವೂ.

ಡ್ವೇನ್ ಓಡಿಸಿದ. ನಾನು ಪಕ್ಕದಲ್ಲಿ. ಹೊರಗೆ ಅಂಚಿನಲ್ಲಿ ಆ ಹಳದಿ ಗೆರೆ ಹಾಗೇ ಇತ್ತು. ಏರು ಬಂತು. ಗೇರ್ ಬದಲಿಸುವ ಮೊದಲು ಅವನು ನನ್ನ ಮುಖ ನೋಡಿದ. ಬದಲಿಸಿದ. ಇಬ್ಬರೂ ಕಿವಿಗೊಟ್ಟೆವು.

ಹಿಂದಿನಿಂದ ಏನೂ ಇಲ್ಲ.

ಮೇಲೆ ಹೋಗಿ ಎಂಜಿನ್ ಆರಿಸಿದ. ಇಳಿಯಲಿಲ್ಲ. ಕೈ ಇನ್ನೂ ಸ್ಟೀರಿಂಗ್ ಮೇಲೇ.

"ಏನೂ ಕೇಳ್ಸ್ಲಿಲ್ಲ ಅಲ್ವಾ, ಅಕ್ಕ?"

ಇಲ್ಲ ಎಂದೆ. ಮತ್ತೆ ಕೇಳಿದ. ಮತ್ತೆ ಇಲ್ಲ ಎಂದೆ. ಆಗ ಅವನು ಹಿಂದಿನ ಗಾಜಿನತ್ತ ತಿರುಗಿ, ಮೆಲ್ಲಗೆ, ಅಪ್ಪನಿಗೆ, "ಬಂದ್ವಿ ಕಣಪ್ಪ, ಸದ್ದೇ ಆಗ್ಲಿಲ್ಲ" ಎಂದ.