ಹಿಮ ಕರಗುವ ಮುನ್ನ ಮಕ್ವಾ ಕೆರೆಗೆ ಬನ್ನಿ

ಶಾಲಾ ಮಂಡಳಿಯ ಪಠ್ಯ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಾನು ಇಲ್ಲವಂತೆ. ನಾಲ್ಕನೇ ತರಗತಿಯ ಮಕ್ಕಳಿಗೆಂದು ನೀವು ಅಚ್ಚಿಗೆ ಸಿದ್ಧಮಾಡಿರುವ ನಕ್ಷೆಯಲ್ಲಿ ನಮ್ಮ ಮಕ್ವಾ ಕೆರೆಯ ಸುತ್ತ ಬೂದು ಬಣ್ಣ ಬಳಿದು, 'ಮಡ್ ಲೇಕ್: ನಿರ್ಜನ ಜೌಗು' ಎಂದು ಬರೆದಿದ್ದೀರಿ. ಆ ನಿರ್ಜನ ಜೌಗಿನಲ್ಲಿ ನಲವತ್ತು ಮನೆಗಳಿವೆ ಸ್ವಾಮಿ. ಅದರಲ್ಲೊಂದು ಮನೆಯಿಂದ ಹೊರಟು ಇಪ್ಪತ್ತಾರು ವರ್ಷಗಳಿಂದ ನಿಮ್ಮದೇ ಹಳದಿ ಬಸ್ಸು ಓಡಿಸುತ್ತಿದ್ದೇನೆ. ಯಾರೂ ಇಲ್ಲದ ಕಡೆ ದಿನಾ ಬಸ್ಸು ಯಾಕೆ ನಿಲ್ಲುತ್ತದೆ, ಅಲ್ಲಿ ಹತ್ತುವ ಮಕ್ಕಳು ಯಾವ ಲೋಕದಿಂದ ಬರುತ್ತಾರೆ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಡವೇ?

ಮಾಹಿತಿ ಕೊಟ್ಟವರಿಲ್ಲ ಎಂದು ಮಾತ್ರ ಹೇಳಬೇಡಿ. ಈ ನೆಲದ ಮೂಲನಿವಾಸಿಗಳಾದ ನಾವು ಓಜಿಬ್ವೆ ಜನ ನಾಲ್ಕು ಬೇಸಿಗೆ ದೋಣಿಯಲ್ಲಿ ಕೂತು, ಸೊಳ್ಳೆ ಕಚ್ಚಿಸಿಕೊಂಡು, ಈ ಕೆರೆಯ ಒಂದೊಂದು ಮೂಲೆಯನ್ನೂ ಗುರುತು ಮಾಡಿ ನಿಮಗೆ ನಕ್ಷೆ ಕಳಿಸಿದ್ದೇವೆ. ದೋಣಿಯ ಮುಂದುಗಡೆ ಕೂತು ದಾರಿ ತೋರಿಸಿದವಳು ನನ್ನ ದೊಡ್ಡಮ್ಮ ಡೆಲಿಮಾ, ಎಂಬತ್ತೆಂಟು ವರ್ಷದವಳು. ಈ ಕೆರೆಯಲ್ಲಿ ತಾನಾಗಿ ಬೆಳೆಯುವ ಅಕ್ಕಿಯೇ ನಮ್ಮ ಅನ್ನ. ಹಿಂದಿನ ಕಾಲದಲ್ಲಿ ಕಾಳು ಬಲಿಯುವ ಮೊದಲು ಹೆಂಗಸರು ತೆನೆಗಳನ್ನು ಕಂತೆ ಕಂತೆಯಾಗಿ ನಾರಿನ ಹುರಿಯಿಂದ ಕಟ್ಟಿಬಿಡುತ್ತಿದ್ದರು. ಒಬ್ಬೊಬ್ಬಳ ಗಂಟೂ ಬೇರೆ. ಗಂಟು ನೋಡಿದರೆ ಇದು ಯಾರ ಮನೆಯ ಪಾಲು ಎಂದು ಗೊತ್ತಾಗುತ್ತಿತ್ತು, ಇನ್ನೊಬ್ಬಳು ಮುಟ್ಟುತ್ತಿರಲಿಲ್ಲ. ದೊಡ್ಡಮ್ಮ ತನ್ನ ತಾಯಿಯ ಗಂಟು ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಬೆರಳು ಚಾಚಿ ತೋರಿಸಿದಳು, ನಾವು ಬರೆದುಕೊಂಡೆವು. ನಿಮ್ಮ ಕಚೇರಿ ಅದಕ್ಕೆ 'ಆಧಾರ ಸಾಲದು' ಎಂದು ಉತ್ತರ ಬರೆದು, ಪರಿಶೀಲನೆಗೆ ಜುಲೈ ತಿಂಗಳಲ್ಲಿ ಒಬ್ಬ ಸಮೀಕ್ಷಕಿಯನ್ನು ಕಳಿಸಿತು.

ಒಳ್ಳೆಯ ಹುಡುಗಿ ಆಕೆ, ಸುಳ್ಳು ಹೇಳಬಾರದು. ನಗುನಗುತ್ತಾ ಬಂದಳು. ಕೈಯಲ್ಲಿದ್ದ ಟ್ಯಾಬ್ ತೆರೆದು ಮೊದಲನೇ ಪ್ರಶ್ನೆ ಕೇಳಿದಳು.

"ಅಜ್ಜೀ, ಈ ಕೆರೆಗೆ ಮಕ್ವಾ, ಅಂದ್ರೆ ಕರಡಿ ಅನ್ನೋ ಹೆಸರು ಹೇಗೆ ಬಂತು?"

"ಈಗ ಹೇಳೋ ಹಾಗಿಲ್ಲ ಕಣಮ್ಮಾ. ಹಿಮ ಬಿದ್ಮೇಲೆ ಬಾ," ಅಂದಳು ದೊಡ್ಡಮ್ಮ.

"ಅಯ್ಯೋ, ಜುಲೈನಲ್ಲಿ ಹಿಮ ಎಲ್ಲಿಂದ ತರ್ಲಿ ಅಜ್ಜೀ?"

"ನೀನ್ಯಾಕೆ ತರ್ತೀಯ? ಅದೇ ಬರುತ್ತೆ. ಆಗ ನೀನೂ ಬಾ. ಈಗ ಕೂತ್ಕೊ, ಎರಡು ತುತ್ತು ತಿನ್ನು. ಎಷ್ಟು ಸೊರಗಿದ್ದೀಯ ನೋಡು, ನಿಮ್ಮ ಆಫೀಸಲ್ಲಿ ಊಟ ಹಾಕಲ್ವಾ?"

ಆಕೆ ಅಕ್ಕಿ ಹಾಕಿದ ಸಾರನ್ನು ಎರಡು ಬಟ್ಟಲು ಕುಡಿದಳು. ಇಷ್ಟು ರುಚಿ ಎಲ್ಲೂ ಕಂಡಿಲ್ಲ ಅಂದಳು. ಆಮೇಲೆ ಟ್ಯಾಬ್‌ನಲ್ಲಿ 'ಮಾಹಿತಿ ಲಭ್ಯವಿಲ್ಲ' ಎಂಬಲ್ಲಿ ಒತ್ತಿದಳು. ಮೊದಲನೇ ಪ್ರಶ್ನೆಗೆ ಹಾಗೆ ಒತ್ತಿದರೆ ಉಳಿದ ಪ್ರಶ್ನೆಗಳು ತೆರೆಯುವುದೇ ಇಲ್ಲವಂತೆ! ಯಾರು ಎಲ್ಲಿ ಹುಟ್ಟಿದರು, ಮರ ಕಡಿಯುವ ಕಂಪನಿ ಬಂದಾಗ ಯಾರ ಮನೆ ಸುಟ್ಟುಹೋಯಿತು, ಯಾವ ದಂಡೆಯಲ್ಲಿ ಯಾರನ್ನು ಹೂಳಿದ್ದೇವೆ, ಇದೆಲ್ಲವನ್ನೂ ಯಾವ ತಿಂಗಳಲ್ಲಾದರೂ ಹೇಳಬಹುದಿತ್ತು. ಕೇಳಲಿಲ್ಲ. ಮೂಲದ ಕಥೆಗಳನ್ನು ಮಾತ್ರ ನೆಲದ ಮೇಲೆ ಹಿಮವಿರುವಾಗ ಹೇಳುತ್ತೇವೆ. ಬೇಸಿಗೆಯಲ್ಲಿ ಬಾಯಿ ಬಿಡುವುದಿಲ್ಲ. ನಮಗೆ ಇತಿಹಾಸವಿಲ್ಲ ಎಂದು ತೀರ್ಮಾನವಾದದ್ದು ಹೀಗೆ, ಒಂದು ಮಧ್ಯಾಹ್ನ, ನಮ್ಮ ಮನೆಯ ಊಟ ಉಂಡು.

ಇದರಲ್ಲಿ ನನ್ನ ತಪ್ಪೂ ಇದೆ. ನಾನು ಅಲ್ಲೇ ಪಕ್ಕದಲ್ಲಿದ್ದೆ. 'ಹಾಗಲ್ಲಮ್ಮ, ಕಥೆ ಇದೆ, ಕಾಲ ಬಂದಿಲ್ಲ ಅಷ್ಟೆ' ಎಂದು ಬಿಡಿಸಿ ಹೇಳಬಹುದಿತ್ತು. ಆದರೆ ಹಿರಿಯರು ಒಂದು ಮಾತು ಆಡಿದ ಮೇಲೆ ಕಿರಿಯರು ಬಾಯಿ ಹಾಕಿ ಅರ್ಥ ವಿವರಿಸುವುದು ನಮ್ಮಲ್ಲಿ ಇಲ್ಲ. ತಲೆ ತಗ್ಗಿಸಿ ಬಟ್ಟಲು ತೊಳೆದೆ. ಹಾಗೆ ಸುಮ್ಮನಿದ್ದದ್ದಕ್ಕೆ ಈಗ ನನ್ನ ಮೇಲೇ ಸಿಟ್ಟು ಬರುತ್ತಿದೆ.

ಸಿಟ್ಟು ಹೆಚ್ಚಿದ್ದು ಮೊನ್ನೆ, ನನ್ನ ಮೊಮ್ಮಗಳು ಟ್ಯಾನ್ಸಿ ಪರೀಕ್ಷೆಯ ಕಾಗದ ತಂದಾಗ. 'ಮಡ್ ಲೇಕ್ ಪ್ರದೇಶಕ್ಕೆ ಮೊದಲು ಬಂದವರು ಯಾರು?' ಈಗಿರುವ ಪುಸ್ತಕದ ಪ್ರಕಾರ ಸರಿಯುತ್ತರ, ಮರ ಕಡಿಯುವ ಕಂಪನಿ. ಅವಳು ಬರೆದದ್ದು, 'ನಾವು ಬಂದಿಲ್ಲ, ಇಲ್ಲೇ ಇದ್ದೆವು.' ಅದರ ಮೇಲೆ ಕೆಂಪು ಗೀಟು.

"ಅಜ್ಜೀ, ನಾನು ತಪ್ಪು ಬರ್ದ್ನಾ?" ಅಂದಳು.

ಆ ಪ್ರಶ್ನೆ ಈಗ ನಿಮಗೆ. ನೀವಾದರೂ ಹೇಳಿ. ಪ್ರತಿ ನವೆಂಬರಿನಲ್ಲಿ ಒಂದು ವಾರ ಮೂಲನಿವಾಸಿಗಳ ನೆನಪಿಗೆಂದು ಕಾಗದದ ಗರಿ ಕತ್ತರಿಸಿ ಎಲ್ಲ ಮಕ್ಕಳ ತಲೆಗೂ ಕಟ್ಟಿಸುತ್ತೀರಿ. ಅಷ್ಟಕ್ಕೆ ನಮ್ಮ ಪಾಠ ಮುಗಿಯಿತು. ಗರಿ ಬಿಚ್ಚಿದ ಮೇಲೆ ಉಳಿದ ವರ್ಷವಿಡೀ ಟ್ಯಾನ್ಸಿ ಯಾರು? ನಿಮ್ಮ ಶಿಕ್ಷಕರನ್ನು ನಾನು ಬೈಯುವುದಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಅವರೆಲ್ಲಿಂದ ಕಲಿಸಿಯಾರು? ಅವರೂ ನಿಮ್ಮ ಇಂಥದೇ ನಕ್ಷೆ ನೋಡಿ ಬೆಳೆದವರು. ಒಮ್ಮೆ ಬೂದು ಬಳಿದರೆ ಮೂರು ತಲೆಮಾರಿಗೆ ಬೂದು.

'ಆ ಕಥೆ ನೀನೇ ಬರೆದುಕೊಡು' ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ಅಂದರು. ನನಗೆ ಅರ್ಧವಷ್ಟೇ ಗೊತ್ತು ಮಾನ್ಯರೇ. ಯಾಕೆ ಗೊತ್ತೇ? ಕಥೆ ಹೇಳುವುದು ಚಳಿಗಾಲದ ಸಂಜೆ. ಇಪ್ಪತ್ತಾರು ಚಳಿಗಾಲಗಳ ಸಂಜೆಗಳಲ್ಲಿ ನಾನು ನಿಮ್ಮ ಶಾಲೆಯ ಐಸ್ ಹಾಕಿ ತಂಡವನ್ನು ಊರೂರಿಗೆ ಕರೆದೊಯ್ಯುತ್ತಿದ್ದೆ. ತಂಡ ಗೆದ್ದ ಕಪ್‌ಗಳು ನಿಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿವೆ. ನಾನು ಕೇಳದೆ ಹೋದ ಅರ್ಧ ಕಥೆ ದೊಡ್ಡಮ್ಮನ ಎದೆಯಲ್ಲಿದೆ, ಆ ಎದೆ ಈ ವರ್ಷ ಎರಡು ಸಲ ಆಸ್ಪತ್ರೆ ನೋಡಿ ಬಂದಿದೆ. ಪೂರ್ತಿ ಬಲ್ಲವರು ಬೇರೆ ಯಾರೂ ಉಳಿದಿಲ್ಲ. ನನಗೆ ಭಯವಾಗುತ್ತಿದೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಅಚ್ಚು ನಿಲ್ಲಿಸಿ. ಟ್ಯಾಬ್ ಕಳಿಸಬೇಡಿ, ನೀವೇ ಬನ್ನಿ. ಹಿರಿಯರ ಮುಂದಿಡಲು ಒಂದು ಚಿಟಿಕೆ ಹೊಗೆಸೊಪ್ಪು ತನ್ನಿ, ಅಷ್ಟು ಮರ್ಯಾದೆ ಸಾಕು. ಕೂತು ಕೇಳಿ. ಟ್ಯಾನ್ಸಿಯೂ ಕೇಳುತ್ತಾಳೆ, ಈ ಸಲ ನಾನೂ ಕೇಳುತ್ತೇನೆ, ಹಾಕಿ ತಂಡಕ್ಕೆ ಬೇರೆ ಚಾಲಕರನ್ನು ನೋಡಿಕೊಳ್ಳಿ. ನಿಮ್ಮ ಅಚ್ಚಿನ ಗಡುವು ಮಾರ್ಚ್ ಇಪ್ಪತ್ತಂತೆ. ನಮ್ಮ ಗಡುವು ಹಿಮ ಕರಗುವ ದಿನ. ಅದು ನಿಮ್ಮ ಸಹಿಗೆ ಕಾಯುವುದಿಲ್ಲ.

ನಿಮ್ಮ ಕಚೇರಿಯಿಂದ ಯಾರೂ ಬರದೇ ಇರಬಹುದೆಂದು ದೊಡ್ಡಮ್ಮನಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಆ ಹುಡುಗಿಗೆ ಬಾ ಎಂದಿದ್ದಾಳಲ್ಲ, ಬರುತ್ತಾಳೆಂದೇ ನಂಬಿದ್ದಾಳೆ. ಮೊದಲ ಹಿಮ ಬಿದ್ದ ದಿನದಿಂದ ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಹೊರಗೆ ಬಂದು, ಮೆಟ್ಟಿಲಿನಿಂದ ರಸ್ತೆಯವರೆಗೆ ಪೊರಕೆಯಲ್ಲಿ ದಾರಿ ಗುಡಿಸುತ್ತಾಳೆ. ಬಿಡು ದೊಡ್ಡಮ್ಮ, ನಾನು ಗುಡಿಸ್ತೀನಿ ಅಂದರೆ ಕೇಳುವುದಿಲ್ಲ. "ಬರೋಳು ಪಟ್ಟಣದೋಳು ಕಣೇ, ಜಾರಿ ಬಿದ್ದಾಳು," ಅನ್ನುತ್ತಾಳೆ.

ಇಂತಿ,
ನಿಮ್ಮ ಏಳನೇ ನಂಬರ್ ಬಸ್ಸಿನ ಚಾಲಕಿ, ನಿಮ್ಮ ನಕ್ಷೆಯ ಪ್ರಕಾರ ಎಲ್ಲೂ ಇಲ್ಲದ
ಆರ್ಡಿಸ್ ಗುಡ್‌ಸ್ಕೈ