ಒಣಗಿಸಿ ನೋಡಿದ ಕಲ್ಲು

ಕಳಸ, ೧೯೩೪

ಅಪ್ಪಯ್ಯ,

ಇವತ್ತು ಬೊಮ್ಮಯ್ಯ ಮಾವ ಒದ್ದೆಯಾದ ಕೆಂಪು ಅಕೀಕ್ ಕಲ್ಲೊಂದನ್ನು ನನ್ನ ಕೈಗಿಟ್ಟು, "ಹೊಳೇಲಿ ಸಿಕ್ತು, ಹ್ಯಾಗಿದೆ ನೋಡು ಮಾರಾಯ್ತಿ" ಅಂದರು.

ಒದ್ದೆಯಿದ್ದಾಗ ಎಲ್ಲ ಕಲ್ಲೂ ಕೆಂಪೇ ಎಂದು ನೀವೇ ಕಲಿಸಿದ್ದಿರಿ. ಸೆರಗಿನಲ್ಲಿ ಒರೆಸಿ, ಒಣಗಿಸಿ, ಬಿಸಿಲಿಗೆ ಹಿಡಿದೆ. ಬಣ್ಣ ಮಾಸಲಿಲ್ಲ. ಒಳಗೆ ಉಗುರಿನಂಥ ಬಿಳಿ ಗೆರೆ ಕಂಡಿತು. ಅದು ನಿಮ್ಮ ಕೊರಳಿನ ಕಲ್ಲು. ದಾರದ ತೂತಿದ್ದ ಅಂಚನ್ನು ಉಜ್ಜಿ ಸವೆಸಿದ್ದರು. ಒಳಗಿನ ಗೆರೆ ಅಳಿಸಲಾಗುವುದಿಲ್ಲವಲ್ಲ.

ಹೋದ ವರ್ಷ ಕಲ್ಲು ಹುಡುಕಲು ನೀವಿಬ್ಬರೂ ಹೋಗಿ, ಮಾವ ಒಬ್ಬರೇ ಬಂದು, ನಿಮ್ಮನ್ನು ಹೊಳೆ ಕೊಂಡೊಯ್ಯಿತು, ಹೆಣವೂ ಸಿಗಲಿಲ್ಲ ಎಂದಿದ್ದರು.

"ಸಾಧಾರಣ ಕಲ್ಲು" ಅಂದೆ. ಮಾವ ನೋಡುತ್ತಿದ್ದುದು ಕಲ್ಲನ್ನು ಬಿಡದೆ ಹಿಡಿದಿದ್ದ ನನ್ನ ಕೈಯನ್ನು.

"ಹಾಗಾದ್ರೆ ನಾಳೆ ನೀನೇ ಬಾ. ಸಿಕ್ಕಿದ ಜಾಗ ತೋರಿಸ್ತೀನಿ."

ತನ್ನ ಅಣ್ಣನ ಜೊತೆ ತಾನೇ ಎಂದು ಅಮ್ಮ ಒಪ್ಪಿದಳು. ಈಗ ನನ್ನ ಬುತ್ತಿಗೆ ಅಕ್ಕಿ ಆರಿಸುತ್ತಿದ್ದಾಳೆ, ಅವತ್ತು ನಿಮ್ಮ ಬುತ್ತಿಗೆ ನಾನು ಆರಿಸಿದ ಹಾಗೆ.