ಹೆಸರು ಹೇಳದವಳ ಅರ್ಜಿ

ಕ್ರಿ.ಶ. ೨೧೯೩, ಫೆಬ್ರುವರಿ ಮೂವತ್ತು. ಹೌದು, ನಮ್ಮಲ್ಲಿ ಆ ತಿಂಗಳಿಗೆ ಈಗ ಮೂವತ್ತು ದಿನ. ವಾರ ಯಾವುದೆಂದು ಕೊನೆಗೆ ಬರೆಯುತ್ತೇನೆ.

ಇಪ್ಪತ್ತೊಂದನೇ ಶತಮಾನದ ಹಿರಿಯರಿಗೆ ಸೋಮರಾಯನ ನಮಸ್ಕಾರಗಳು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಅರ್ಧ ಹಾರಿಹೋಗಿದೆ. ನೀವು ಜುಡಿಷಿಯಲ್ ರಿವ್ಯೂ ಎನ್ನುತ್ತಿದ್ದುದು ನಮಗೆ ಮರುನೋಟ. ಊರು ಬಿಟ್ಟು ಓಡಿಬಂದವರಿಗೆ ಇಲ್ಲಿರಲು ಕೊಡುವ ಅನುಮತಿ ನೆರಳುಚೀಟಿ.

ಈ ತೇಲುಪಟ್ಟಣದಲ್ಲಿ ಮಂಜಿನ ನೀರು ಹಿಡಿಯಲು ಮನೆಮನೆಗೂ ಬಲೆ ಕಟ್ಟಿರುತ್ತಾರೆ. ಬೆಳಿಗ್ಗೆ ಅದನ್ನು ಹಿಂಡುವ ಕೆಲಸ ನನ್ನ ಹೆಂಡತಿ ನಿಂಬೆವ್ವನದಾಗಿತ್ತು. "ಏಳ್ರಿ, ಹೊತ್ತೇರಿತು, ನೀರೆಲ್ಲ ಆರಿ ಹೋಗ್ತದ!" ಎಂದು ಬೈಯುತ್ತಲೇ ಹಿಂಡುತ್ತಿದ್ದಳು. ಈಗ ನಾನೇ ಹಿಂಡುತ್ತೇನೆ. ಬೈಯುವವರಿಲ್ಲದೆ ನೀರೂ ಕಡಿಮೆ ಬರುತ್ತದೆ ಅನಿಸುತ್ತದೆ. ಎಲ್ಲಿದ್ದೆ? ಹಾಂ, ಚೀಟಿ.

ನಾವು ದೀಪದೊಕ್ಕಲಿನವರು. ಗುರುವಿನ ಹೆಸರನ್ನು ಹೊರಗಿನವರೆದುರು ಬಾಯಿಬಿಟ್ಟು ಹೇಳುವುದಿಲ್ಲ. ಈ ನಂಬಿಕೆಗಾಗಿಯೇ ಊರಲ್ಲಿ ನಮ್ಮ ಮನೆ ಸುಟ್ಟರು. ಇಲ್ಲಿ ಅರ್ಜಿ ನಿಂಬೆವ್ವನದು, ನಾನು ಅವಳ ಬೆನ್ನಿಗೆ. ಅಧಿಕಾರಿ ಗುರುವಿನ ಹೆಸರು ಕೇಳಿದ. ಅವಳು ಸುಮ್ಮನಿದ್ದಳು. ಗುರು ಯಾರೆಂದೇ ಗೊತ್ತಿಲ್ಲದವಳು ಆ ಮತದವಳೇ ಅಲ್ಲವೆಂದು ಅರ್ಜಿ ತಳ್ಳಿಹಾಕಿದ. ಮುಂದಿನ ಹಡಗಿಗೆ ವಾಪಸು, ಮನೆ ಸುಟ್ಟವರ ಕೈಗೇ.

ಮರುನೋಟ ಪೀಠಕ್ಕೆ ಹೋದೆವು. ಆ ಪೀಠ ಚೀಟಿ ಕೊಡುವುದಿಲ್ಲ, ಹೊಸ ಸಾಕ್ಷಿ ಕೇಳುವುದಿಲ್ಲ. ಅಧಿಕಾರಿ ರೀಸನಬಲ್ ಆಗಿ (ಇದೊಂದು ಪದ ನೆನಪಿದೆ) ಯೋಚಿಸಿದನೇ ಎಂದು ಹಳೆಯ ವಿಚಾರಣೆಯ ದಾಖಲೆಯನ್ನೇ ಮತ್ತೆ ಓದುತ್ತದೆ. ನ್ಯಾಯಾಧೀಶೆ ಓದುತ್ತ ಒಂದು ಕಡೆ ನಿಂತರು. ಓಡಿಬಂದದ್ದು ಯಾವ ವಾರ ಎಂಬ ಅಧಿಕಾರಿಯ ಪ್ರಶ್ನೆಗೆ ನಿಂಬೆವ್ವ, "ಐತ್ವಾರದ ಮರುದಿನರಿ, ಸಾಹೇಬ್ರ" ಎಂದಿದ್ದಳು. ಗಂಡ ಸೋಮರಾಯ, ಹೀಗಾಗಿ ಆಕೆ ಸೋಮವಾರ ಎನ್ನುವುದಿಲ್ಲ ಎಂದು ದುಭಾಷಿ ಅಂದೇ ವಿವರಿಸಿದ್ದ. ಅಧಿಕಾರಿ ಕಿವಿಗೆ ಹಾಕಿಕೊಂಡಿರಲಿಲ್ಲ.

"ಗಂಡನ ಹೆಸರು ಹೇಳಲಿಲ್ಲವೆಂದು ಈಕೆಗೆ ಗಂಡನೇ ಇಲ್ಲ ಅನ್ನುತ್ತೀರಾ?" ಎಂದು ನ್ಯಾಯಾಧೀಶೆ ಸರ್ಕಾರಿ ವಕೀಲರನ್ನು ಕೇಳಿದರು. ನಿಂಬೆವ್ವ ನನ್ನತ್ತ ಬಾಗಿ, "ಇದ್ದೂ ಏನ್ ಉಪಯೋಗ ಬಿಡ್ರಿ" ಅಂದಳು. ಅಷ್ಟು ದಿನಗಳಲ್ಲಿ ಅವಳಾಡಿದ ಮೊದಲ ತಮಾಷೆ ಅದು. ಆದೇಶ ರದ್ದಾಯಿತು. ಬೇರೊಬ್ಬ ಅಧಿಕಾರಿ ಮೊದಲಿನಿಂದ ವಿಚಾರಿಸಿ ಚೀಟಿ ಕೊಟ್ಟರು.

ಈಗ ಮರುನೋಟದಿಂದ ತಡವಾಗುತ್ತದೆಂದು ಆ ಪೀಠವನ್ನೇ ಮುಚ್ಚುವ ಮಾತು ನಡೆದಿದೆ. ನಿಮ್ಮ ಕಾಲದಲ್ಲಿ ಅದು ಇನ್ನೂ ಗಟ್ಟಿಯಾಗಿದೆಯಂತೆ. ತಡವಾದರೂ ಆಗಲಿ, ಮತ್ತೊಮ್ಮೆ ಓದುವವರನ್ನು ಉಳಿಸಿಕೊಳ್ಳಿ. ಅಂಥ ಒಂದು ಓದಿನಿಂದ ನನಗೆ ಇಷ್ಟು ವರ್ಷದ ಬೈಗುಳ ಸಿಕ್ಕಿತು.

ವಾರ ಬರೆಯುತ್ತೇನೆಂದಿದ್ದೆ. ಅವಳು ಹೋದ ಮೇಲೆ ಆ ಹೆಸರು ನನಗೂ ಬಾಯಿಗೆ ಬರುವುದಿಲ್ಲ. ಇವತ್ತು ಐತ್ವಾರದ ಮರುದಿನ.